ಟೈರಿನ ಮೈಮೇಲೆ ಕೈಯಾಡಿಸಿ

ಆಂಬೂರು ದಾಟಿ ಹೆದ್ದಾರಿ ಪಕ್ಕದ ಟೀ ಅಂಗಡಿಯ ಮುಂದೆ ಕಾರು ನಿಲ್ಲಿಸಿದಾಗ ಸಂಜೆ ಏಳು ಗಂಟೆ. ಗೆಳೆಯ ಟೀ ಕೂಡ ಹೇಳಲಿಲ್ಲ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಇಳಿದವನೇ, ಮೊಬೈಲಿನ ಬೆಳಕು ಹಿಡಿದು, ಮುಂದಿನ ಎಡ ಚಕ್ರದೆದುರು ಕುಕ್ಕರಗಾಲಲ್ಲಿ ಕೂತುಬಿಟ್ಟ. ಬೆಳಿಗ್ಗೆಯಿಂದ ಅದೆಷ್ಟನೆಯ ಸಲವೋ. ಟೈರಿನ ಹೊರ ಅಂಚು ಇಲಿ ಕಡಿದ ಹಾಗಿತ್ತು. ಅದಾದರೂ ನಿರೀಕ್ಷಿತ. ವಿಚಿತ್ರವಾಗಿದ್ದದ್ದು ಒಳ ಅಂಚು. ಟ್ರೆಡ್ ಮುಗಿದು ಪಕ್ಕೆ ಶುರುವಾಗುವ ಕಡೆ ಸುತ್ತಲೂ ಒಂದು ಗೆರೆ, ಲೇತ್ ಮೇಲಿಟ್ಟು ಕೊರೆದಷ್ಟು ಸಲೀಸಾಗಿ ಓಡಿತ್ತು. ಬಲ ಚಕ್ರದಲ್ಲಿ ಅದರ ಸುಳಿವೂ ಇರಲಿಲ್ಲ.

ನಾವು ಬರುತ್ತಿದ್ದದ್ದು ಇರುಂಗಾಟ್ಟುಕೋಟೈನಿಂದ. ಶ್ರೀಪೆರುಂಬುದೂರಿನ ಹತ್ತಿರ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರ ರೇಸ್ ಟ್ರ್ಯಾಕ್ ಇದೆ. 1990ರಿಂದ ಓಡುತ್ತಿದೆ, ಅದಕ್ಕೂ ಮುಂಚೆ ರೇಸುಗಳು ನಡೆಯುತ್ತಿದ್ದದ್ದು ಶೋಳಾವರಂನ ಹಳೆಯ ವಿಮಾನಪಟ್ಟಿಯಲ್ಲಿ. ಬೆಂಗಳೂರಿನಲ್ಲಿ ಕಾರು-ಬೈಕಿನ ಹುಚ್ಚು ಎಷ್ಟೇ ಇದ್ದರೂ ಊರಿಗೊಂದು ದೊಡ್ಡ ಟ್ರ್ಯಾಕ್ ಇಲ್ಲ. ಹಾಗಾಗಿ ಶನಿವಾರ ನಡುರಾತ್ರಿ ಹೊಸೂರು, ಕೃಷ್ಣಗಿರಿ, ವೆಲ್ಲೂರು ಹಾದು ಮುನ್ನೂರು ಚಿಲ್ಲರೆ ಕಿಲೋಮೀಟರ್ ಹೋಗಿ, ಹಗಲೆಲ್ಲ 3.7 ಕಿಲೋಮೀಟರಿನ ಸುತ್ತು ಹಾಕಿ, ಅದೇ ಕಾರಿನಲ್ಲಿ ಅದೇ ಟೈರಿನ ಮೇಲೆ ಮನೆಗೆ ಬರುವ ಒಂದು ಪಂಗಡವೇ ಇದೆ. ಸೋಮವಾರ ಅದೇ ಕಾರಿನಲ್ಲಿ ಆಫೀಸಿಗೂ ಹೋಗಬೇಕು.

ಟೈರಿಗೆ ಆದ ಗಾಯ ಓದುವುದು ಒಂದು ವಿದ್ಯೆ. ಅದರ ಮೊದಲ ಪಾಠ ನಮಗೆ ಬೆಳಿಗ್ಗೆ ಹನ್ನೊಂದಕ್ಕೇ ಆಗಿತ್ತು. ಮೊದಲ ಸರದಿ ಮುಗಿಸಿ ಪಿಟ್ಟಿಗೆ ಬಂದಾಗ ಮುಂದಿನ ಎರಡೂ ಟೈರು ಹಾಗಲಕಾಯಿಯ ಸಿಪ್ಪೆಯಾಗಿದ್ದವು. ಹೊಸಬನಾದ ಗೆಳೆಯನ ಮುಖ ಬಿಳಿಚಿತು. ಪಕ್ಕದ ಪಿಟ್ಟಿನ ಹಳಬರು ಒಂದು ಸ್ಕ್ರೂ ಡ್ರೈವರ್ ತಂದು ಆ ಗಂಟುಗಳಲ್ಲಿ ಒಂದನ್ನು ಎಬ್ಬಿಸಿದರು. ಹಲಸಿನ ಮೇಣದ ಹಾಗೆ ಎಳೆದುಕೊಂಡು ಬಂತು. ಕೆಳಗೆ ಟೈರು ನುಣ್ಣಗಿತ್ತು. ಅದು ನಮ್ಮ ಟೈರೇ ಅಲ್ಲ, ಬೇರೆಯವರದು! ವೇಗವಾಗಿ ಓಡುವ ಟೈರುಗಳಿಂದ ಉದುರಿದ ರಬ್ಬರ್ ಚೂರುಗಳು ಓಟದ ಸಾಲಿನಾಚೆ ಬಿದ್ದಿರುತ್ತವೆ. ಕೊನೆಯ ಸುತ್ತನ್ನು ನಿಧಾನಕ್ಕೆ ಬದಿಯಲ್ಲಿ ಓಡಿಸಿಕೊಂಡು ಬರುವಾಗ ಬಿಸಿ ಟೈರು ಅವನ್ನೆಲ್ಲ ಅಂಟಿಸಿಕೊಳ್ಳುತ್ತದೆ. ನೋಡಲು ಭೀಕರ, ಅಪಾಯ ಸೊನ್ನೆ. ನಾಲ್ಕಾರು ಕಿಲೋಮೀಟರ್ ಓಡಿದರೆ ತಾನಾಗಿ ಉದುರುತ್ತದೆ.

ಅದನ್ನು ಕೆರೆದು ತೆಗೆದ ಮೇಲೆ ನಿಜವಾದ ಮೈ ಕಾಣಿಸಿತು. ಅಂಗೈಯನ್ನು ಹೊರಗಿನಿಂದ ಒಳಗೆ ಎಳೆದರೆ ಒಂದು ಥರ, ಒಳಗಿನಿಂದ ಹೊರಗೆ ಎಳೆದರೆ ಇನ್ನೊಂದು ಥರ. ಬೆಕ್ಕಿನ ಬೆನ್ನನ್ನು ರೋಮದ ದಿಕ್ಕಿಗೆ ಸವರುವುದಕ್ಕೂ ಎದುರು ಸವರುವುದಕ್ಕೂ ಇರುವ ವ್ಯತ್ಯಾಸ ಅದು. ರಸ್ತೆಯ ಕಾರಿನಲ್ಲಿ ಈ ಚೂಪು ಅಂಚುಗಳು ಒಳಮುಖವಾಗಿ ನಿಂತಿದ್ದರೆ ಚಕ್ರಗಳ ಮೂಗು ಒಂದಕ್ಕೊಂದು ವಾಲಿಕೊಂಡಿವೆ, ಅಂದರೆ ಟೋ-ಇನ್ ಹೆಚ್ಚಾಗಿದೆ ಎಂದು ಅಲೈನ್‌ಮೆಂಟಿನವನು ಯಂತ್ರಕ್ಕೆ ಹಾಕುವ ಮೊದಲೇ ಹೇಳಬಲ್ಲ. ಟ್ರ್ಯಾಕಿನಲ್ಲಿ ಇದಕ್ಕಿಂತ ಸೂಕ್ಷ್ಮವಾದ ಬರಹವಿರುತ್ತದೆ. ರಬ್ಬರು ನೆಲದ ಮೇಲೆ ಉಜ್ಜಿಕೊಂಡು ಸವೆಯುವಾಗ ಸಣ್ಣ ಸಣ್ಣ ಏಣುಗಳು ಏಳುತ್ತವೆ, ಮತ್ತು ಅವು ಯಾವಾಗಲೂ ಜಾರಿದ ದಿಕ್ಕಿಗೆ ಅಡ್ಡಲಾಗಿ ನಿಲ್ಲುತ್ತವೆ. ಅಡಾಲ್ಫ್ ಶಾಲಮಾಖ್ ಎಂಬ ರಬ್ಬರ್ ವಿಜ್ಞಾನಿ 1950ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಕೂತು ಈ ಏಣುಗಳನ್ನೇ ಅಧ್ಯಯನ ಮಾಡಿದ. ಏಣು ಟೈರಿನ ಸುತ್ತಳತೆಯ ಗುಂಟ ಇದ್ದರೆ ಟೈರು ಪಕ್ಕಕ್ಕೆ ಜಾರಿದೆ, ಅಂದರೆ ತಿರುವಿನಲ್ಲಿ ಸವೆದಿದೆ. ಏಣು ಅಡ್ಡಡ್ಡ ಇದ್ದರೆ ಬ್ರೇಕಿನಲ್ಲೋ ಆಕ್ಸಿಲರೇಟರಿನಲ್ಲೋ ಸವೆದಿದೆ. ಮರಳಿನ ಮೇಲೆ ಗಾಳಿ ಬೀಸಿದ ದಿಕ್ಕನ್ನು ಅಲೆಗಳು ಹೇಳುವುದಿಲ್ಲವೇ, ಹಾಗೆ.

ನಮ್ಮ ಎಡ ಟೈರಿನಲ್ಲಿ ಗೆರೆಗಳು ಸುತ್ತಳತೆಯ ಗುಂಟವೇ ಇದ್ದವು. ಆ ಟ್ರ್ಯಾಕ್ ಪ್ರದಕ್ಷಿಣಾಕಾರ. ಬಲ ತಿರುವುಗಳು ಹೆಚ್ಚು, ಆದ್ದರಿಂದ ಭಾರವೆಲ್ಲ ಎಡಗಡೆಗೆ. ಮನೆಯಿಂದ ತಂದ ಸಾಮಾನ್ಯ ಹ್ಯಾಚ್‌ಬ್ಯಾಕಿನ ಮುಂದಿನ ಚಕ್ರಗಳು ಹೆಚ್ಚುಕಡಿಮೆ ನೆಟ್ಟಗೆ ನಿಂತಿರುತ್ತವೆ. ಟ್ರ್ಯಾಕಿಗೆಂದೇ ಸಿದ್ಧಪಡಿಸಿದ ಕಾರಿನಲ್ಲಿ ಅವುಗಳ ತಲೆ ಒಳಕ್ಕೆ ಎರಡು-ಮೂರು ಡಿಗ್ರಿ ಬಾಗಿರುತ್ತದೆ. ತಿರುವಿನಲ್ಲಿ ಕಾರು ಹೊರಕ್ಕೆ ವಾಲಿದಾಗ ಆ ಬಾಗು ನೇರವಾಗಿ ಟೈರು ಸಮನಾಗಿ ನೆಲಕ್ಕೆ ಕೂರಲಿ ಎಂದು. ನಮ್ಮ ಕಾರಿಗೆ ಆ ಸೌಲಭ್ಯವಿಲ್ಲ. ಟೈರು ಹೊರಗಿನ ಭುಜದ ಮೇಲೆ ಉರುಳುತ್ತದೆ, ಕಾಲು ಹೊರಳಿಸಿಕೊಂಡು ಓಡುವವನ ಚಪ್ಪಲಿಯ ಹೊರ ಅಂಚು ಸವೆದ ಹಾಗೆ. ಎಷ್ಟರ ಮಟ್ಟಿಗೆ ಉರುಳಿದೆ ಎಂದು ತಿಳಿಯಲು ಹಳಬರ ಉಪಾಯವೊಂದಿದೆ: ಭುಜದ ಮೇಲೆ ಬಿಳಿ ಶೂ ಪಾಲಿಶ್ ಬಳಿದು ನಾಲ್ಕು ಸುತ್ತು ಹೋಗಿ ಬರುವುದು. ಬಿಳಿ ಎಲ್ಲಿಯವರೆಗೆ ಅಳಿಸಿದೆಯೋ ಅಲ್ಲಿಯವರೆಗೆ ಟೈರು ನೆಲ ಮುಟ್ಟಿದೆ. ಹಲವು ಟೈರುಗಳ ಭುಜದಲ್ಲಿ ಇದಕ್ಕೆ ಅನುಕೂಲವಾಗಿ ಪುಟ್ಟ ತ್ರಿಕೋನವನ್ನೇ ಮೂಡಿಸಿರುತ್ತಾರೆ. ಸವಕಳಿ ಅದರ ತುದಿಯವರೆಗೆ ಬರಬಹುದು, ದಾಟಬಾರದು.

ಇನ್ನು ಗಾಳಿ. ಪೆಟ್ರೋಲ್ ಬಂಕಿನ ಹುಡುಗ "ಎಷ್ಟು ಪಾಯಿಂಟ್ ಸಾರ್" ಅಂತ ಕೇಳುತ್ತಾನಲ್ಲ, ಆ ಪಾಯಿಂಟು ಟ್ರ್ಯಾಕಿನಲ್ಲಿ ಸ್ಥಿರವಾಗಿ ನಿಲ್ಲುವುದಿಲ್ಲ. ಬೆಳಿಗ್ಗೆ 30 ಡಿಗ್ರಿಯಲ್ಲಿ 32 ಪಾಯಿಂಟ್ ಹಿಡಿಸಿದ್ದೆವು. ಒಳಗಿನ ಗಾಳಿ 90 ಡಿಗ್ರಿಗೆ ಕಾದರೆ ಅದು ಸುಮಾರು 41 ಆಗುತ್ತದೆ. ಪಿಯುಸಿಯಲ್ಲಿ ಓದಿದ ಅನಿಲ ನಿಯಮ ಹಾಕಿ ಲೆಕ್ಕ ಮಾಡಿದರೂ ಅಷ್ಟೇ, ಗೇಜು ತೋರಿಸಿದ್ದೂ ಅಷ್ಟೇ. 41ರಲ್ಲಿ ಟೈರು ಬಲೂನಾಗಿ ಹಿಡಿತ ಕಳೆದುಕೊಳ್ಳುತ್ತದೆ. ಆಗ ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ಬಿಸಿಯಿದ್ದಾಗಲೇ ಗಾಳಿ ಬಿಡಿಸಿ 34ಕ್ಕೆ ಇಳಿಸಿದೆವು. ಮುಂದಿನ ಎರಡು ಗೆಳೆಯನ ಪಾಲಿಗೆ, ಹಿಂದಿನ ಎರಡು ನನ್ನ ಪಾಲಿಗೆ. ಹಿಂದಿನವು ಅಷ್ಟೇನೂ ಕಾದಿರಲಿಲ್ಲ. ಎರಡು-ಮೂರು ಪಾಯಿಂಟ್ ಬಿಡಿಸಿದ್ದೇ ಸಾಕಾಯಿತು. ಹೀಗೆ 34ಕ್ಕೆ ಇಳಿಸಿದ ಮುಂದಿನ ಟೈರು ರಾತ್ರಿ ತಣಿದಾಗ 26ಕ್ಕೆ ಬಂದಿರುತ್ತದೆ ಎಂಬ ಲೆಕ್ಕದ ಇನ್ನರ್ಧವನ್ನು ಮಾತ್ರ ಬಹಳ ಮಂದಿ ಮರೆಯುತ್ತಾರೆ. ನಾವು ಮರೆಯಲಿಲ್ಲ. ವಾಪಸ್ ಹೊರಡುವಾಗ ಬಂಕಿಗೆ ಹೋಗಿ ಮುಂದಿನ ಎರಡಕ್ಕೂ ಗಾಳಿ ಹಿಡಿಸಿದೆವು. ಹಿಂದಿನವಕ್ಕೆ ಬೇಕಿಲ್ಲ ಎಂದು ನಾನೇ ಹೇಳಿದೆ.

ಹೊರ ಭುಜದ ಕಥೆ ಇಷ್ಟರಲ್ಲಿ ಮುಗಿಯಿತು. ಒಳ ಅಂಚಿನ ಗೆರೆಯದು ಮುಗಿಯಲಿಲ್ಲ.

ಆ ಟೀ ಅಂಗಡಿಯಲ್ಲಿ ನಾಲ್ಕು ತೀರ್ಪು ಬಂದವು. ಅಲೈನ್‌ಮೆಂಟ್ ಎಂದ ಜೊತೆಗೆ ಬಂದವರಲ್ಲೊಬ್ಬ. ಟ್ರ್ಯಾಕಿನ ಅಂಚಿನ ಕರ್ಬ್ ಮೇಲೆ ಹತ್ತಿಸಿದ್ದಕ್ಕೆ ಕೊಯ್ದಿದೆ ಎಂದ ಇನ್ನೊಬ್ಬ. ಟೈರೇ ಡಿಫೆಕ್ಟು ಎಂದ ಗೆಳೆಯ. ದುಡ್ಡು ಕೊಟ್ಟವನು ಅವನು, ಅವನಿಗೆ ಆ ಉತ್ತರವೇ ಹಿತ. ಪಕ್ಕದಲ್ಲಿ ಟೀ ಕುಡಿಯುತ್ತಿದ್ದ ಲಾರಿ ಡ್ರೈವರ್ ಒಬ್ಬ ಬಗ್ಗಿ ನೋಡಿ, "ರೋಡ್ ಇಲ್ಲ, ವಂಡಿ" ಎಂದ. ರಸ್ತೆ ಮಾಡಿದ್ದಲ್ಲ, ಗಾಡಿಯೇ ಮಾಡಿದ್ದು. ಹೋಗುವಾಗ ನಮ್ಮ ಹಿಂದಿನ ಚಕ್ರಕ್ಕೆ ಒಂದು ಒದೆ ಕೊಟ್ಟು ಏನೋ ಹೇಳಿದ. ಬಸ್ಸೊಂದರ ಹಾರ್ನಿನಲ್ಲಿ ಕೇಳಿಸಲಿಲ್ಲ. ಲಾರಿಯವರ ಅಭ್ಯಾಸ ಎಂದುಕೊಂಡು ನಕ್ಕೆವು.

ಗಾಯ ನೋಡಿದ ಕೂಡಲೇ ಆರೋಪಿಯ ಹೆಸರು ಬಾಯಿಗೆ ಬರುವುದು ನಮ್ಮಂಥ ಹವ್ಯಾಸಿಗಳಿಗೆ ಮಾತ್ರ ಅಂಟಿದ ರೋಗವಲ್ಲ. ಪ್ರಯೋಗಾಲಯ, ಸೂಕ್ಷ್ಮದರ್ಶಕ, ನೂರಾರು ಎಂಜಿನಿಯರುಗಳಿರುವ ಫಾರ್ಮುಲಾ ಒನ್‌ನಲ್ಲೂ ಇದೇ ನಡೆದಿದೆ. ನಮ್ಮವರಿಗೆ ನೆನಪಿರಬೇಕಾದ್ದು 2005ರ ಜೂನ್, ಇಂಡಿಯಾನಾಪೊಲಿಸ್. ಶುಕ್ರವಾರದ ಅಭ್ಯಾಸದಲ್ಲಿ ರಾಲ್ಫ್ ಶೂಮಾಕರ್‌ನ ಟೊಯೋಟಾ 13ನೇ ತಿರುವಿನಲ್ಲಿ ಗೋಡೆಗೆ ಅಪ್ಪಳಿಸಿತು. ಸಿಡಿದದ್ದು ಹಿಂದಿನ ಎಡ ಟೈರು. ಆ ತಿರುವು ಮಾಮೂಲಿಯದಲ್ಲ; ಅಮೆರಿಕದ ಪ್ರಸಿದ್ಧ 500 ಮೈಲಿ ಓಟದ ಇಳಿಜಾರು ಪಥದ ಭಾಗ, 9 ಡಿಗ್ರಿಯಷ್ಟು ವಾಲಿದ್ದು. ಅಲ್ಲಿಯ ಓವಲ್ ರೇಸು ಅಪ್ರದಕ್ಷಿಣವಾಗಿ ಓಡಿದರೆ ಫಾರ್ಮುಲಾ ಒನ್ ಪ್ರದಕ್ಷಿಣವಾಗಿ ಓಡುತ್ತಿತ್ತು. ಹಾಗಾಗಿ ಅಲ್ಲಿಯೂ ಭಾರ ಎಡಗಡೆಗೇ. ಬೇರೆ ಟ್ರ್ಯಾಕುಗಳಲ್ಲಿ ಕಾರು ಟೈರನ್ನು ಪಕ್ಕಕ್ಕೆ ತಳ್ಳುತ್ತದೆ. ವಾಲಿದ ತಿರುವಿನಲ್ಲಿ ಪಕ್ಕಕ್ಕೂ ತಳ್ಳಿ, ಮೇಲಿನಿಂದಲೂ ಒತ್ತುತ್ತದೆ. ಮಿಶೆಲಿನ್ ಟೈರಿನ ಪಕ್ಕೆ ಆ ಎರಡು ಒತ್ತಡವನ್ನು ಒಟ್ಟಿಗೆ ತಾಳಲಾರದೆ ಮಡಚಿಕೊಳ್ಳುತ್ತಿತ್ತು. ಸಾಲದ್ದಕ್ಕೆ ಅದಕ್ಕೂ ಮುನ್ನ ಟ್ರ್ಯಾಕಿಗೆ ಹೊಸ ಮೇಲ್ಮೈ ಹಾಕಿ, ವಜ್ರದ ಹಲ್ಲಿನ ಗರಗಸದಿಂದ ಗೀರಿದ್ದರು. ಮಿಶೆಲಿನ್‌ನ ಎದುರಾಳಿ ಬ್ರಿಜ್‌ಸ್ಟೋನ್ ಕಂಪನಿಯದೇ ಆದ ಫೈರ್‌ಸ್ಟೋನ್ ಟೈರುಗಳು ಕೆಲವೇ ವಾರಗಳ ಹಿಂದೆ ಅದೇ ಮೇಲ್ಮೈಯಲ್ಲಿ ಓಡಿದ್ದರಿಂದ ಅವರಿಗೆ ಅದರ ಸ್ವಭಾವ ಗೊತ್ತಿತ್ತು.

ಮಿಶೆಲಿನ್ ಆ ವಾರಾಂತ್ಯ ಮಾಡಿದ ಒಂದು ಕೆಲಸವನ್ನು ನಾನು ಮೆಚ್ಚುತ್ತೇನೆ. ಆ ತಿರುವಿನಲ್ಲಿ ವೇಗ ತಗ್ಗಿಸದೆ ಹತ್ತು ಸುತ್ತಿಗಿಂತ ಹೆಚ್ಚು ಈ ಟೈರು ಸುರಕ್ಷಿತ ಎಂದು ನಾವು ಹೇಳಲಾರೆವು ಎಂದು ಒಪ್ಪಿಕೊಂಡಿತು. ರೇಸು 73 ಸುತ್ತಿನದು. ತಿರುವಿಗೆ ತಾತ್ಕಾಲಿಕ ತಡೆ ಹಾಕಿ ಎಂಬ ಬೇಡಿಕೆಯನ್ನು ರೇಸಿನ ಆಡಳಿತ ಸಂಸ್ಥೆ ಎಫ್‌ಐಎ ಒಪ್ಪಲಿಲ್ಲ. ಭಾನುವಾರ 20 ಕಾರುಗಳು ಓಟಕ್ಕೆ ಮುಂಚಿನ ಸುತ್ತಿಗೆ ಹೊರಟವು, ಮಿಶೆಲಿನ್ ಟೈರಿನ 14 ಕಾರುಗಳು ನೇರ ಪಿಟ್ಟಿಗೆ ತಿರುಗಿ ನಿಂತವು. ಉಳಿದ ಆರರಲ್ಲಿ ಒಂದು ಜೋರ್ಡನ್ ಕಾರನ್ನು ಓಡಿಸಿದವನು ಕೊಯಮತ್ತೂರಿನ ನರೇನ್ ಕಾರ್ತಿಕೇಯನ್. ಆತ ನಾಲ್ಕನೆಯವನಾದ, ಭಾರತೀಯನೊಬ್ಬನಿಗೆ ಫಾರ್ಮುಲಾ ಒನ್ ಅಂಕ ಬಂದದ್ದು ಅದೇ ಮೊದಲು. ಆ ಅಂಕಗಳನ್ನು ಅಣಕಿಸುವವರಿದ್ದಾರೆ. ಆದರೆ ಜನ ಬಾಟಲಿ ಎಸೆಯುತ್ತಿದ್ದ ಟ್ರ್ಯಾಕಿನಲ್ಲಿ 72 ಸುತ್ತು ಕಾರು ಕೆಡಿಸದೆ ಓಡಿಸಿದವನ ಪಾಲಿನದನ್ನು ಕಿತ್ತುಕೊಳ್ಳಲು ನನಗೆ ಮನಸ್ಸಿಲ್ಲ.

ಬ್ರಿಟನ್ನಿನ ಸಿಲ್ವರ್‌ಸ್ಟೋನಿನಲ್ಲಿ 2013ರಲ್ಲಿ ಆದದ್ದು ಮಿಶೆಲಿನ್ ಹಾಗೆ ಒಪ್ಪಿಕೊಂಡದ್ದಕ್ಕೆ ತದ್ವಿರುದ್ಧ. ಆ ಜೂನ್ 30ರಂದು ಹ್ಯಾಮಿಲ್ಟನ್, ಮಾಸಾ, ವೆರ್ನ್, ಕೊನೆಗೆ ಪೆರೆಝ್, ಒಬ್ಬರಾದ ಮೇಲೊಬ್ಬರ ಹಿಂದಿನ ಎಡ ಟೈರು ಹರಿದು ಪಟ್ಟೆ ಪಟ್ಟೆಯಾಗಿ ಹಾರಿತು. ಎರಡು ದಿನಕ್ಕೆ ಟೈರು ಪೂರೈಸಿದ ಪಿರೆಲ್ಲಿ ಕಾರಣಗಳ ಪಟ್ಟಿ ಹೊರಡಿಸಿತು. ತಂಡಗಳು ಹಿಂದಿನ ಎಡ ಟೈರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿಕೊಂಡಿದ್ದವು. ಗಾಳಿ ಹೇಳಿದ್ದಕ್ಕಿಂತ ಕಡಿಮೆ ಇತ್ತು. ಚಕ್ರದ ಬಾಗು ಅತಿಯಾಗಿತ್ತು. ವೇಗದ ತಿರುವುಗಳ ಕರ್ಬ್ ಒರಟಾಗಿತ್ತು. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಆದರೆ ಬೆರಳೆಲ್ಲ ಹೊರಕ್ಕೇ ತೋರಿತ್ತು. ಟೀಕೆ ಬಂದ ಮೇಲೆ ಕಂಪನಿ ಸ್ವರ ತಗ್ಗಿಸಿತು. ಮಾತಿಗಿಂತ ಮುಂದಿನ ವಾರ ಮಾಡಿದ ಕೆಲಸ ಹೆಚ್ಚು ಹೇಳುತ್ತದೆ: ಜರ್ಮನಿಯ ರೇಸಿಗೆ ಹಿಂದಿನ ಟೈರಿನೊಳಗಿದ್ದ ಉಕ್ಕಿನ ಪಟ್ಟಿ ತೆಗೆದು ಕೆವ್ಲಾರ್ ಪಟ್ಟಿ ಹಾಕಿದರು, ಎಡಬಲ ಬದಲಿಸುವುದನ್ನು ಎಫ್‌ಐಎ ನಿಷೇಧಿಸಿತು. ತಪ್ಪು ಓಡಿಸುವವರದ್ದೇ ಆಗಿದ್ದರೆ ಪಟ್ಟಿ ಬದಲಿಸುವ ಅಗತ್ಯವೇನಿತ್ತು?

ನನಗೆ ಇವೆರಡಕ್ಕಿಂತ ದೊಡ್ಡ ಕೆಲಸವೆನಿಸುವುದು ಯಾವ ಟೈರೂ ಸಿಡಿಯದ ಒಂದು ವಾರಾಂತ್ಯ. 2023ರ ಅಕ್ಟೋಬರ್, ಕತಾರಿನ ಲುಸೈಲ್ ಟ್ರ್ಯಾಕ್. ಶುಕ್ರವಾರ ಓಡಿ ಬಂದ ಟೈರುಗಳಲ್ಲಿ ಹೊರಗೆ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಪಿರೆಲ್ಲಿಯವರು ಎಂದಿನಂತೆ ಪರೀಕ್ಷೆಗೆ ಒಳಪಡಿಸಿದರು. ಪಕ್ಕೆಯ ಒಳಗೆ ನೂಲಿಗೂ ಅದನ್ನು ಹೊದ್ದ ರಬ್ಬರಿಗೂ ನಡುವೆ ಬಿಡಿಸಿಕೊಂಡ ಗುರುತು ಸಿಕ್ಕಿತು. ಕಾರಣ ಅಲ್ಲಿನ ಕರ್ಬ್: ಪಿರಮಿಡ್ಡಿನ ಆಕಾರದ 50 ಮಿಲಿಮೀಟರ್ ಎತ್ತರದ ಹಲ್ಲುಗಳು. ಕಾರು ಅದರ ಮೇಲೆ ಹರಿಯುವಾಗ ಪಕ್ಕೆಗೆ ಕ್ಷಣಕ್ಕೆ ಹತ್ತಾರು ಗುದ್ದು. ದೊಡ್ಡ ಗುಂಡಿಗೆ ಬಿದ್ದರೆ ಟೈರು ಒಂದೇ ಸಲಕ್ಕೆ ಊದಿಕೊಂಡು ಹೇಳಿಬಿಡುತ್ತದೆ. ಈ ಸಣ್ಣ ಗುದ್ದುಗಳ ಲೆಕ್ಕವನ್ನು ಅದು ಒಳಗೇ ಇಟ್ಟುಕೊಳ್ಳುತ್ತದೆ. ಎರಡು ತಿರುವುಗಳಲ್ಲಿ ಟ್ರ್ಯಾಕಿನ ಗಡಿಯನ್ನು 80 ಸೆಂಟಿಮೀಟರ್ ಒಳಕ್ಕೆ ಎಳೆದರು. ಭಾನುವಾರ ಯಾವ ಟೈರೂ 18 ಸುತ್ತಿಗಿಂತ ಹೆಚ್ಚು ಓಡಬಾರದು ಎಂದು ಕಟ್ಟಳೆ ಮಾಡಿದರು. ಚಾಲಕರು ಸೆಕೆಯಲ್ಲಿ ಬಸವಳಿದ ರೇಸು ಎಂದೇ ಜನ ಅದನ್ನು ನೆನಪಿಟ್ಟುಕೊಂಡಿದ್ದಾರೆ. ಸಿಡಿಯದ ಟೈರಿಗೆ ಸುದ್ದಿಯಲ್ಲಿ ಜಾಗವಿಲ್ಲ.

ಸೋಮವಾರ ಬೆಂಗಳೂರಿನ ಒಂದು ಟೈರ್ ಅಂಗಡಿಗೆ ಹೋದೆವು. ಅಲ್ಲಿಯ ಯುವಕ ಗೆರೆ ನೋಡಿದವನೇ, "ಮ್ಯಾನುಫ್ಯಾಕ್ಚರಿಂಗ್ ಫಾಲ್ಟ್ ಸಾರ್, ಕ್ಲೇಮ್ ಹಾಕಿ" ಎಂದ. ಗೆಳೆಯನ ಮುಖ ಅರಳಿತು. ಟೈರಿನ ಪಕ್ಕೆಯ ಮೇಲಿನ ನಾಲ್ಕಂಕಿಯನ್ನೂ ಓದಿಕೊಂಡ. ಮೊದಲೆರಡು ವಾರ, ಕೊನೆಯೆರಡು ವರ್ಷ. ಟೈರಿನ ಜಾತಕ ಅದು, ಹಳೆಯದಾದಷ್ಟೂ ರಬ್ಬರು ಗಡುಸು. ನಮ್ಮದು ಹೊಸದೇ. ಫಾರಂ ತುಂಬುವಷ್ಟರಲ್ಲಿ ಲಾರಿಯವನ ಮಾತು ನೆನಪಾಯಿತು. ಟೈರಿನ ಸುತ್ತ ಎಲ್ಲೂ ತುಂಡಾಗದ ಒಂದು ಗೆರೆಯನ್ನು ನೆಲ ಎಳೆಯಲಾರದು. ನೆಲ ಮಾಡಿದ ಗಾಯ ಒಂದು ಕಡೆ ಇರುತ್ತದೆ, ಇಲ್ಲವೇ ಅಲ್ಲಲ್ಲಿ ಚದುರಿರುತ್ತದೆ. ಇಡೀ ಸುತ್ತನ್ನೂ ಒಂದೇ ಆಳಕ್ಕೆ ಕೊರೆಯಬೇಕಾದರೆ ಕೊರೆಯುವ ವಸ್ತು ಕದಲದೆ ಒಂದೇ ಜಾಗದಲ್ಲಿ ನಿಂತಿರಬೇಕು, ತಿರುಗುವುದು ಟೈರು ಮಾತ್ರ. ಥೇಟ್ ಕುಂಬಾರನ ಕೈ ಮತ್ತು ಚಕ್ರ.

ಚಕ್ರ ಬಿಚ್ಚಿ ಒಳಗೆ ಟಾರ್ಚ್ ಬಿಟ್ಟೆವು. ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್ ಹೊದಿಕೆಯನ್ನು ಹಿಡಿದ ಸ್ಕ್ರೂಗಳೆಲ್ಲ ಮಣ್ಣು, ತುಕ್ಕು ಹಿಡಿದು ಕಪ್ಪಾಗಿದ್ದವು. ಒಂದೇ ಒಂದರ ತಲೆ ಮಾತ್ರ ಹೊಸ ರೂಪಾಯಿಯ ಹಾಗೆ ಥಳಥಳ. ಟ್ರ್ಯಾಕಿಗೆಂದು ಗೆಳೆಯ ಕಂಪನಿಯದಕ್ಕಿಂತ ಒಂದು ಅಳತೆ ಅಗಲದ ಟೈರು ಹಾಕಿಸಿದ್ದ. ಊರೊಳಗೆ ಅದು ಎಲ್ಲೂ ತಾಗುತ್ತಿರಲಿಲ್ಲ. ಬಲ ತಿರುವಿನಲ್ಲಿ ಎಡಗಡೆಯ ಸ್ಪ್ರಿಂಗ್ ಪೂರ್ತಿ ಅದುಮಿ ಚಕ್ರ ಮೇಲಕ್ಕೆ ಹೋದಾಗ ಮಾತ್ರ ಒಳ ಅಂಚು ಆ ಸ್ಕ್ರೂಗೆ ತಾಗುತ್ತಿತ್ತು. ಬಲ ಟೈರಿನಲ್ಲಿ ಗೆರೆ ಇಲ್ಲದ್ದಕ್ಕೂ ಅದೇ ಉತ್ತರ. ಕ್ಲೇಮ್ ಫಾರಂ ಹರಿದು ಹಾಕಿದೆವು. ಗೆರೆ ರಬ್ಬರಿನ ಮಟ್ಟದಲ್ಲೇ ಇತ್ತು, ನೂಲಿಗೆ ಇಳಿದಿರಲಿಲ್ಲ.

ಕಾರು ಹೇಗಿದ್ದರೂ ಜಾಕಿನ ಮೇಲಿತ್ತು. ನಾಲ್ಕನ್ನೂ ಬ್ಯಾಲೆನ್ಸ್ ಮಾಡಿಸಿಬಿಡೋಣ ಎಂದ ಗೆಳೆಯ. ಹಿಂದಿನ ಎಡ ಚಕ್ರವನ್ನು ಇಳಿಸಿದ ಹುಡುಗ ಅದನ್ನು ನೆಲಕ್ಕೆ ಒಮ್ಮೆ ಕುಟ್ಟಿ, ತಲೆಯೆತ್ತಿ ನಮ್ಮನ್ನು ನೋಡಿದ. ಗೇಜು ಹಾಕಿದ, 14. ಹೊರಗಿನಿಂದ ಅದರಷ್ಟು ಅಂದದ ಟೈರು ಕಾರಿನಲ್ಲಿ ಇನ್ನೊಂದಿರಲಿಲ್ಲ. ಒಂದು ಗೀರಿಲ್ಲ, ಅಕ್ಷರವೊಂದೂ ಅಳಿಸಿರಲಿಲ್ಲ. ಹೊಸೂರಿನ ಹತ್ತಿರ ಕಾರಿನ ಹಿಂಭಾಗ ತೇಲಿದಂತಾಗುತ್ತಿದೆ ಎಂದು ಗೆಳೆಯ ಅಂದಿದ್ದ. ನಾಲ್ಕು ಜನ, ಸಾಮಾನು, ನಿದ್ದೆ ಎಂದು ನಾನು ಸಮಾಧಾನ ಹೇಳಿದ್ದೆ. ಹುಡುಗ ಟೈರನ್ನು ರಿಮ್ಮಿನಿಂದ ಬಿಡಿಸಿ ಬೋರಲು ಹಾಕಿ ತಟ್ಟಿದ. ಒಂದು ಹಿಡಿ ಕಪ್ಪು ಪುಡಿ ನೆಲಕ್ಕೆ ಬಿತ್ತು. ಗಾಳಿ ಇಲ್ಲದ ಟೈರು ಭಾರದಡಿ ಮಡಚಿ ಮಡಚಿ ಓಡಿದಾಗ ಒಳಗಿನ ಗೋಡೆ ತನಗೆ ತಾನೇ ಉಜ್ಜಿಕೊಂಡು ಉದುರಿಸುವ ಪುಡಿ. ಪಕ್ಕೆಯ ಒಳಮೈಯಲ್ಲಿ ಸುತ್ತಲೂ ಉಂಗುರದಂಥ ಒಂದು ಸುಕ್ಕು. ಈ ಟೈರನ್ನು ಮತ್ತೆ ಹಾಕುವ ಹಾಗಿಲ್ಲ ಎಂದು ಅವನು ಹೇಳಲೇ ಇಲ್ಲ, ಪಕ್ಕಕ್ಕೆ ಉರುಳಿಸಿದ.

ಪಂಕ್ಚರ್ ಇರಬೇಕು ಎಂದೆ ನಾನು. ಮೊಳೆಗಾಗಿ ಹುಡುಕಿದ, ಸಿಗಲಿಲ್ಲ. ಪಕ್ಕದಲ್ಲಿ ನೀರಿನ ತೊಟ್ಟಿಯಿತ್ತು; ಟೈರನ್ನು ಮತ್ತೆ ರಿಮ್ಮಿಗೆ ಕೂರಿಸಿ, ಗಾಳಿ ತುಂಬಿ, ಮುಳುಗಿಸಿ ತಿರುಗಿಸಿದ. ಏನೂ ಇಲ್ಲ. ವಾಲ್ವ್ ಮಾತ್ರ ನೀರಿನ ಮೇಲಿತ್ತು. ಅದಕ್ಕೆ ಮುಚ್ಚಳವಿರಲಿಲ್ಲ. ಟ್ರ್ಯಾಕಿನಲ್ಲಿ ನಾನು ಗಾಳಿ ಬಿಡಿಸುವಾಗ ಕೈಗೆ ಸಿಕ್ಕ ಒಂದು ಕಡ್ಡಿಯಿಂದ ಆ ಪಿನ್ನನ್ನು ಒತ್ತಿದ್ದು ನೆನಪಾಯಿತು. ಪ್ಯಾಂಟಿನ ಜೇಬಿಗೆ ಕೈ ಹಾಕಿದೆ. ಎರಡು ಕಪ್ಪು ಮುಚ್ಚಳಗಳು ಇನ್ನೂ ಅಲ್ಲೇ ಇದ್ದವು.

ಹುಡುಗ ತೋರುಬೆರಳಿಗೆ ಎಂಜಲು ಹಚ್ಚಿ ವಾಲ್ವಿನ ಬಾಯಿಗೆ ಸವರಿದ. ನಾವಿಬ್ಬರೂ ಬಗ್ಗಿದೆವು. ಸಣ್ಣದೊಂದು ಗುಳ್ಳೆ ನಿಧಾನವಾಗಿ ಊದಿಕೊಂಡು, ಟಪ್ಪೆಂದು ಒಡೆದು, ಇನ್ನೊಂದು ಏಳತೊಡಗಿತು.